ಕೆಂಪು ಕಾರಿಗೊಂದು ನೊಗ

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಏಕಾಂತಪ್ಪ ಬೇರೆಯವರಿಗೆ ಫ್ರೇಮು ಆರಿಸಿಕೊಡುವುದರಲ್ಲಿ ಎತ್ತಿದ ಕೈ. ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಅವರ ಮೂಗಿನ ಉದ್ದ, ಕೆನ್ನೆಯ ಅಗಲ, ಕಿವಿಯ ಎತ್ತರ ನೋಡಿ, ಗೋಡೆಗೆ ನೇತುಹಾಕಿದ ಫ್ರೇಮುಗಳಲ್ಲಿ ಒಂದನ್ನು ಕೈಗೆ ತೆಗೆದುಕೊಂಡಿರುತ್ತಾನೆ. ಅದು ತಪ್ಪಿದ್ದು ಅಪರೂಪ. ಆದರೆ ತನಗೇ ಏನಾದರೂ ಬೇಕಾದಾಗ ಅವನ ಸ್ಥಿತಿ ದೇವರಿಗೇ ಪ್ರೀತಿ. ಮನೆಗೊಂದು ಫ್ಯಾನು ತರುತ್ತೇನೆಂದು ಬೇಸಿಗೆಯಲ್ಲಿ ಹೊರಟವನು, ಅಂಗಡಿ ಅಂಗಡಿ ಅಲೆದು, ರೆಕ್ಕೆಯ ಓರೆ ಎಷ್ಟಿರಬೇಕೆಂದು ವಿಚಾರಿಸಿ, ಕೊನೆಗೆ ಅದನ್ನು ತಂದು ನೇತುಹಾಕಿದಾಗ ಜನ ಸ್ವೆಟರು ಹಾಕಿಕೊಂಡು ಓಡಾಡುತ್ತಿದ್ದರು.

ಈ ಗುಣ ಅವನಿಗೆ ತಂದೆಯಿಂದ ಬಂದದ್ದಲ್ಲ. ತಂದೆ ಓದುವ ಕನ್ನಡಕಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಸಂತೆಯಿಂದ ಸಂತೆಗೆ ತಿರುಗಿದವರು. ಗಿರಾಕಿ ಎರಡು ಹಾಕಿ ನೋಡಿ ಮೂರನೆಯದಕ್ಕೆ ಕೈ ಚಾಚಿದರೆ, ಇನ್ನೊಂದು ನೋಡಿದರೆ ಮೊದಲಿನದೂ ಮರೆತುಹೋಗುತ್ತದೆ ಎಂದು ಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು. ಮಗ ಪೆಟ್ಟಿಗೆಯನ್ನು ಅಂಗಡಿ ಮಾಡಿದ, ಕಣ್ಣು ಪರೀಕ್ಷೆ ಕಲಿತ, ಬೋರ್ಡು ಬರೆಸಿದ. ಆ ಬೋರ್ಡಿನ ಬಣ್ಣ ಹಸಿರೋ ನೀಲಿಯೋ ಎಂಬುದು ತೀರ್ಮಾನವಾಗುವ ತನಕ ಅಂಗಡಿ ಹೆಸರಿಲ್ಲದೆಯೇ ನಡೆಯಿತು.

ಹೆಣ್ಣು ನೋಡುವಾಗಲೂ ಹೀಗೇ ಆಯಿತು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಉಷಾಳನ್ನು ನೋಡಿ ಬಂದವನು, ತಿಳಿಸುತ್ತೇವೆ ಎಂದು ಹೇಳಿ, ಮತ್ತೊಮ್ಮೆ ನೋಡಲು ಹೋಗಿ, ಮತ್ತೆ ತಿಳಿಸುತ್ತೇವೆ ಎಂದ. ಮೂರನೆಯ ಸಲ ಉಪ್ಪಿಟ್ಟು ತಂದಿಟ್ಟ ಉಷಾ ನಡುಮನೆಯಲ್ಲೇ ನಿಂತು ತನ್ನ ಅಪ್ಪನಿಗೆ, “ಇವರಿಗೆ ಬಿಟ್ರೆ ನಾನು ಮುದುಕಿ ಆಗ್ತೀನಿ. ನಾನು ಒಪ್ಪಿದೀನಿ ಅಂತ ಹೇಳ್ರಿ, ಮುಗೀಲಿ,” ಎಂದಳು. ಮುಗಿಯಿತು. ತನ್ನ ಬಾಳಿನ ಅತ್ಯಂತ ಒಳ್ಳೆಯ ಆಯ್ಕೆ ಅದು ಎಂದು ಏಕಾಂತಪ್ಪ ಇಂದಿಗೂ ಹೇಳುತ್ತಾನೆ. ಯಾರ ಆಯ್ಕೆ ಎಂದು ಉಷಾ ಕೇಳುತ್ತಾಳೆ.

ಉಷಾ ಅಂಗನವಾಡಿ ಮೇಲ್ವಿಚಾರಕಿ. ಸ್ಕೂಟರ್ ಹತ್ತಿ ತಾಲ್ಲೂಕಿನ ಹಳ್ಳಿಹಳ್ಳಿ ಸುತ್ತುವವಳು. ಮಗಳು ಮೌನಿಕಾ ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಐವತ್ತು ದಾಟಿದ ಮೇಲೆ ಏಕಾಂತಪ್ಪನಿಗೆ ಕಾರಿನ ಹುಚ್ಚು ಹಿಡಿದಾಗ ಇಬ್ಬರೂ ಆಶ್ಚರ್ಯಪಡಲಿಲ್ಲ. ಆರಿಸಲು ಅಷ್ಟೊಂದು ಅವಕಾಶ ಇರುವ ವಸ್ತು ಮತ್ತೊಂದಿಲ್ಲವಲ್ಲ. ಅವರಿಗೆ ಆಶ್ಚರ್ಯವಾದದ್ದು ಅವನು ತಂದ ಕಾರು ನೋಡಿ. ದಾವಣಗೆರೆಯ ಡಾಕ್ಟರೊಬ್ಬರು ಮಾರಿದ ಕೆಂಪು ಹ್ಯಾಚ್‌ಬ್ಯಾಕ್ ಅದು. ಬಾಗಿಲ ಮೇಲೆ ಕಪ್ಪು ಪಟ್ಟೆ, ಹಿಂದೆ ಎರಡು ಸೈಲೆನ್ಸರ್, ಒಳಗೆ ಟರ್ಬೊ ಇಂಜಿನ್ನು, ಕೆಂಪು ದಾರದಲ್ಲಿ ಹೊಲಿದ ಸೀಟು. ಆಕ್ಸಿಲರೇಟರಿಗೆ ಕಾಲಿಟ್ಟರೆ ಚಿಮ್ಮುವ ಗಾಡಿ. ಆದರೆ ಏಕಾಂತಪ್ಪ ಅದಕ್ಕೆ ಕಾಲಿಡುತ್ತಿರಲಿಲ್ಲ, ಸವರುತ್ತಿದ್ದ. ಭಾನುವಾರ ಹೊಸದುರ್ಗದ ರಸ್ತೆಯಲ್ಲಿ ಅವನು ಹೊರಟರೆ ತೆಂಗಿನಕಾಯಿ ಮೂಟೆ ಹೇರಿಕೊಂಡ ಮೊಪೆಡ್‌ಗಳು ಹಾರನ್ ಹೊಡೆದು ಮುಂದೆ ಹೋಗುತ್ತಿದ್ದವು.

ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಕಾರಿನ ವಿಡಿಯೊ ನೋಡುವುದು ಅವನ ರೂಢಿ. ಅಲ್ಲಿ ಯಾರೋ ಒಬ್ಬ, ತಿರುವಿನಲ್ಲಿ ಇಂಥ ಕಾರುಗಳ ಮುಂಭಾಗ ತುಸು ತಿರುಚಿಕೊಳ್ಳುತ್ತದೆ, ಅದಕ್ಕೆ ಸ್ಟ್ರಟ್ ಬಾರ್ ಹಾಕಿಸಬೇಕು ಎಂದ. ಮರುದಿನದಿಂದಲೇ ಏಕಾಂತಪ್ಪನ ಕಾರೂ ತಿರುಚಿಕೊಳ್ಳತೊಡಗಿತು. ಬಸ್ ನಿಲ್ದಾಣದಿಂದ ಮನೆಯ ಕಡೆ ತಿರುಗುವಾಗ ಅದು ತನಗೆ ಸ್ಪಷ್ಟವಾಗಿ ಗೊತ್ತಾಯಿತು ಎಂದ.

ಅದೇನೆಂದು ಉಷಾ ಕೇಳಿದ್ದಕ್ಕೆ ಅವನು ಬಾನೆಟ್ ಎತ್ತಿ ತೋರಿಸಿದ. ಇಂಜಿನ್ನಿನ ಎಡಕ್ಕೊಂದು ಬಲಕ್ಕೊಂದು ಸಣ್ಣ ಗುಮಟದಂಥ ಉಬ್ಬುಗಳಿದ್ದವು. ಮುಂದಿನ ಎರಡು ಚಕ್ರಗಳ ಶಾಕ್ ಅಬ್ಸಾರ್ಬರುಗಳ ತಲೆ ಆ ಗುಮಟಗಳ ಒಳಗಿರುತ್ತದೆ. ತಿರುವಿನಲ್ಲಿ ಭಾರ ಬಿದ್ದಾಗ ಎರಡು ಗುಮಟಗಳು ಕೂದಲೆಳೆಯಷ್ಟು ಆಚೀಚೆ ಸರಿಯುತ್ತವಂತೆ. ಸರಿಯದ ಹಾಗೆ ಒಂದರಿಂದ ಇನ್ನೊಂದಕ್ಕೆ ಅಡ್ಡಲಾಗಿ ಬಿಗಿಯುವ ಕಂಬಿಯೇ ಸ್ಟ್ರಟ್ ಬಾರ್. ಉಷಾ ಎಲ್ಲವನ್ನೂ ಕೇಳಿಸಿಕೊಂಡಳು.

“ನೊಗ ಅನ್ರಿ. ಎರಡು ಎತ್ತು ಒಂದೊಂದು ಕಡೆ ಹೋಗಬಾರದು ಅಂತ.”

ನೊಗವಲ್ಲ, ಇದು ಬೇರೆ ಎಂದು ಏಕಾಂತಪ್ಪ ವಿವರಿಸಲು ಹೋದ. ಅಷ್ಟರಲ್ಲಿ ಉಷಾ ಮೌನಿಕಾಗೆ ಫೋನು ಮಾಡಿ ನಿಮ್ಮಪ್ಪ ಕಾರಿಗೆ ನೊಗ ಕಟ್ಟುತ್ತಿದ್ದಾರೆ ಎಂದು ಹೇಳಿಯಾಗಿತ್ತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅದಕ್ಕೆ ನೊಗವೆಂದೇ ಹೆಸರು.

ಆರಿಸುವ ಕೆಲಸ ಶುರುವಾಯಿತು. ಚಿತ್ರದುರ್ಗದಲ್ಲಿ ಸೀಟ್ ಕವರು, ಹಾರನ್ನು ಮಾರುವ ಪ್ರದೀಪನ ಅಂಗಡಿಯಲ್ಲಿ ಈ ಕಾರಿಗೆ ಹೊಂದುವ ಎರಡು ಬಾರ್‌ಗಳಿದ್ದವು. ಒಂದು ಕಪ್ಪು ಬಣ್ಣದ ಉಕ್ಕಿನದು, ಈ ತುದಿಯಿಂದ ಆ ತುದಿಯವರೆಗೆ ಬೆಸೆದ ಒಂದೇ ತುಂಡು. ಇನ್ನೊಂದು ಅಲ್ಯೂಮಿನಿಯಮ್ಮಿನದು, ಹಗುರ, ನೀಲಿ ಬಣ್ಣ, ಎರಡೂ ತುದಿಯಲ್ಲಿ ಬೋಲ್ಟಿನಿಂದ ಕೂಡಿಸಿದ್ದು. ಕಪ್ಪು ಬಾರು ಗಟ್ಟಿ, ಆದರೆ ನೋಡಲು ನಲ್ಲಿ ಪೈಪಿನಂತಿತ್ತು. ನೀಲಿ ಬಾರು ಬಾನೆಟ್ ಎತ್ತಿದರೆ ಹಬ್ಬದಂತಿತ್ತು, ಆದರೆ ಬೋಲ್ಟು ಇದ್ದಲ್ಲಿ ಅಲುಗಾಟ ಇರುತ್ತದೆಂದು ಫೋನಿನವನು ಹೇಳಿದ್ದ. ಏಕಾಂತಪ್ಪ ಎರಡನ್ನೂ ತೂಗಿ ನೋಡಿದ, ಬಗ್ಗಿಸಿ ನೋಡಿದ, ಬೆರಳಿನಿಂದ ಬಡಿದು ಕಿವಿಗಿಟ್ಟು ಕೇಳಿದ. ಕಣ್ಣುಗಳ ನಡುವಿನ ಅಂತರ ಅಳೆಯುವ ಸಣ್ಣ ಪಟ್ಟಿಯನ್ನು ಜೇಬಿನಿಂದ ತೆಗೆದು ಬೋಲ್ಟಿನ ತೂತು ಅಳೆದ. ತಿಳಿಸುತ್ತೇನೆ ಎಂದು ಹೇಳಿ ಬಂದ. ಪ್ರತಿ ವಾರ ಹೋಗಿ ಪ್ರತಿ ವಾರ ತಿಳಿಸುತ್ತೇನೆ ಎಂದ.

ಬಾನೆಟ್ ಮುಚ್ಚಿದಾಗ ಒಳಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದು ಅವನನ್ನು ಕಾಡಿದ ಇನ್ನೊಂದು ಪ್ರಶ್ನೆ. ಬಾರು ಎತ್ತರವಾಗಿದ್ದರೆ ಬಾನೆಟ್ಟಿಗೆ ತಾಗುತ್ತದೆ. ಮುಚ್ಚಿದ ಬಾನೆಟ್ಟಿನ ಒಳಗೆ ಕಣ್ಣಿಟ್ಟು ನೋಡುವುದು ಹೇಗೆ? ಒಂದು ಭಾನುವಾರ ಬೆಳಿಗ್ಗೆ ಉಷಾ ಸ್ನಾನ ಮುಗಿಸಿ ಅಡುಗೆಮನೆಗೆ ಬಂದರೆ, ಚಪಾತಿಗೆಂದು ನಾದಿ ಮುಚ್ಚಿಟ್ಟಿದ್ದ ಹಿಟ್ಟು ಪಾತ್ರೆಯಲ್ಲಿರಲಿಲ್ಲ. ಅಂಗಳದಲ್ಲಿದ್ದ ಗಂಡನನ್ನು ಕೇಳಿದಳು.

“ಇಂಜಿನ್ ಮೇಲೈತೆ,” ಎಂದ ಏಕಾಂತಪ್ಪ, ಅದು ಹಿಟ್ಟು ಇರಬೇಕಾದ ಜಾಗವೇ ಎನ್ನುವ ಹಾಗೆ.

ಹಿಟ್ಟಿನ ಉಂಡೆಗಳನ್ನು ಇಂಜಿನ್ನಿನ ಮೇಲೆ ಅಲ್ಲಲ್ಲಿ ಇಟ್ಟು ಬಾನೆಟ್ ಮುಚ್ಚಿದ್ದ. ಅವು ಎಷ್ಟು ದಪ್ಪಕ್ಕೆ ಚಪ್ಪಟೆಯಾಗುತ್ತವೋ ಅಷ್ಟು ಜಾಗ ಇದೆ ಎಂದು ಲೆಕ್ಕ. ಉಪಾಯವೇನೋ ಒಳ್ಳೆಯದೇ. ಉಷಾ ಬಾಗಿಲಿಗೆ ಒರಗಿ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಒಂದು ಮಗ್ಗುಲು ಬೆಂದೈತಾ ನೋಡ್ರಿ. ತಿರುವಿ ಹಾಕ್ತೀನಿ.”

ಬಾನೆಟ್ ಎತ್ತಿದಾಗ ಅರ್ಧ ಹಿಟ್ಟು ಅದರ ಒಳಮೈಗೆ ಅಂಟಿಕೊಂಡು ಮೇಲೆದ್ದಿತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ದಿನ ಮನೆಯಲ್ಲಿ ಅನ್ನವೇ ಗತಿಯಾಯಿತು. ಆದರೆ ಎರಡು ಬಾರ್‌ಗಳಿಗೂ ಜಾಗವಿದೆ ಎಂಬುದು ಗೊತ್ತಾಗಿ ಏಕಾಂತಪ್ಪ ಇನ್ನಷ್ಟು ಕಷ್ಟಕ್ಕೆ ಸಿಕ್ಕಿಕೊಂಡ. ಒಂದಕ್ಕೆ ಜಾಗ ಸಾಲದಿದ್ದರೆ ಇನ್ನೊಂದನ್ನು ತೆಗೆದುಕೊಂಡು ಸುಮ್ಮನಾಗಬಹುದಿತ್ತು.

ಕೊನೆಗೆ ಬೇಸತ್ತವನು ಪ್ರದೀಪ. ಮುಂದಿನ ವಾರ ಏಕಾಂತಪ್ಪ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆಯೇ ಎರಡೂ ಬಾರುಗಳನ್ನು ಗೋಣಿಚೀಲದಲ್ಲಿ ಸುತ್ತಿ ಮುಂದಿಟ್ಟ.

“ಅಣ್ಣಾ, ಎರಡೂ ತಗಂಡೋಗ್ರಿ. ಹಾಕಿ ಓಡಿಸಿ ನೋಡಿ, ಬ್ಯಾಡಾದ್ದನ್ನ ವಾಪಸ್ ಕೊಡ್ರಿ. ಎರಡೂ ವಾಪಸ್ ಕೊಟ್ರೂ ನಂಗೆ ಬೇಜಾರಿಲ್ಲ. ಇನ್ನ ಪ್ರಶ್ನೆ ಮಾತ್ರ ಬ್ಯಾಡ.”

ಅವನೇ ಹಿರಿಯೂರಿನ ಎರ್ರಿಸ್ವಾಮಿಯ ಹೆಸರು ಹೇಳಿದ. ಎರ್ರಿಸ್ವಾಮಿ ಮೆಕ್ಯಾನಿಕ್. ಹಿಂದೆ ರ‍್ಯಾಲಿ ಕಾರುಗಳ ಜೊತೆ ಊರೂರು ಸುತ್ತಿ ಬಂದು ಈಗ ಹಿರಿಯೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ.

ಅಲ್ಲಿಗೆ ಹೊರಟ ಭಾನುವಾರ ಉಷಾಳೂ ಬರುತ್ತೇನೆಂದಳು. ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರು ತುಂಬಿದೆಯಂತೆ, ನೋಡಿ ಬರೋಣ ಎಂಬ ನೆಪ. ಗಂಡನ ನೊಗದ ಪರೀಕ್ಷೆ ನೋಡುವುದು ಅದಕ್ಕಿಂತ ದೊಡ್ಡ ಆಸೆಯಾಗಿತ್ತು. ಚಿತ್ರದುರ್ಗ ದಾಟಿ ಹೆದ್ದಾರಿ ಹಿಡಿದರು. ಐಮಂಗಲ ಬರುವಷ್ಟರಲ್ಲಿ ಎಷ್ಟೋ ಲಾರಿಗಳು ಇವರನ್ನು ಹಿಂದೆ ಹಾಕಿ ಹೋಗಿದ್ದವು. ಅಷ್ಟು ದೂರವೂ ಏಕಾಂತಪ್ಪ, ಕಾರಿನ ಮೂತಿ ಹೇಗೆ ತಿರುಚಿಕೊಳ್ಳುತ್ತಿದೆ ಎಂದು ನೇರ ರಸ್ತೆಯಲ್ಲೇ ವಿವರಿಸಿದ.

ಹಿರಿಯೂರಿನಲ್ಲಿ ಎರ್ರಿಸ್ವಾಮಿ ಸ್ಪ್ಯಾನರುಗಳನ್ನು ಹಾಕಿಕೊಂಡು ತಾನೂ ಕಾರು ಹತ್ತಿ, ಮಾರಿಕಣಿವೆಯ ದಾರಿಯಲ್ಲಿ ತಿರುವುಗಳು ಶುರುವಾಗುವ ಕಡೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಲು ಹೇಳಿದ. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ರಸ್ತೆಯಲ್ಲಿ ಹೆಚ್ಚು ಗಾಡಿ ಇರಲಿಲ್ಲ. ಮೊದಲು ನೀಲಿ ಬಾರನ್ನು ಹಾಕಿ ಬಿಗಿದ. ಏಕಾಂತಪ್ಪ ಆ ತಿರುವುಗಳನ್ನು ಸುತ್ತಿ ಬಂದು, ಅದ್ಭುತ ಎಂದ. ಕಪ್ಪು ಬಾರನ್ನು ಹಾಕಿದ. ಏಕಾಂತಪ್ಪ ಸುತ್ತಿ ಬಂದು, ಇದು ಇನ್ನೂ ಅದ್ಭುತ ಎಂದ. ಆದರೆ ಹಾಗೆ ಹೇಳುವಾಗ ಅವನ ಮನಸ್ಸಿನಲ್ಲಿ ಏನೋ ಕೊರೆಯಿತು.

ಅವನ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವಾಗ ಒಂದು ಉಪಾಯವಿತ್ತು. ಒಂದು ಗಾಜು ಹಾಕಿ, ಅದನ್ನು ತೆಗೆದು, ಮತ್ತೆ ಅದೇ ಗಾಜನ್ನು ಹಾಕಿ, ಈಗ ಹೇಗಿದೆ ಎಂದು ಕೇಳುತ್ತಿದ್ದ. ಹೋದ ತಿಂಗಳು ಚಿಕ್ಕಜಾಜೂರಿನಿಂದ ಬಂದ ಹೊನ್ನಕ್ಕ ಎಂಬ ಮುದುಕಿ, ಮೊದಲನೆಯದು ಬರೀ ಮಂಜು, ಇದರಲ್ಲಿ ನಿನ್ನ ಮೀಸೆಯ ಬಿಳಿ ಕೂದಲೂ ಕಾಣುತ್ತದೆ ಎಂದಿದ್ದಳು. ಎರಡೂ ಒಂದೇ ಗಾಜು. ಜನ ನೋಡುವುದು ಕಣ್ಣಿನಿಂದಲ್ಲ, ಆಸೆಯಿಂದ ಎಂದು ಅವನು ಅಂದು ಊಟದ ಹೊತ್ತಿನಲ್ಲಿ ಹೇಳಿ ನಕ್ಕಿದ್ದ. ಈಗ ತನಗೂ ಅದೇ ಪರೀಕ್ಷೆ ಆಗಬೇಕು ಅನಿಸಿತು. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ.

ತಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ, ನೀನು ಎರಡರಲ್ಲಿ ಯಾವುದನ್ನಾದರೂ ಹಾಕು, ಹೇಳಬೇಡ ಎಂದು ಎರ್ರಿಸ್ವಾಮಿಗೆ ಹೇಳಿದ. ಹಿಂದೆ ಸ್ಪ್ಯಾನರಿನ ಸದ್ದಾಯಿತು, ಬಾನೆಟ್ ಮುಚ್ಚಿತು. ಏಕಾಂತಪ್ಪ ಹತ್ತಿ ಹೋದ. ತಿರುವಿನಲ್ಲಿ ಸ್ಟಿಯರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ಕಣ್ಣು ಸಣ್ಣದು ಮಾಡಿಕೊಂಡು ಓಡಿಸಿದ. ವಾಪಸ್ ಬರುವಾಗ ಅವನ ಮುಖದಲ್ಲಿ ತೀರ್ಮಾನ ಇತ್ತು.

“ಕರೀದು. ಅನುಮಾನನೇ ಇಲ್ಲ. ಮುಂದಗಡೆ ಕಲ್ಲು ಕಟ್ಟಿದಂಗೈತೆ. ಇದೇ ಇರಲಿ.”

ಎರ್ರಿಸ್ವಾಮಿ ಬಾಯಲ್ಲಿದ್ದ ಎಲೆಯನ್ನು ಆಚೆ ಉಗುಳಿ ಬಂದು ಬಾನೆಟ್ ಎತ್ತಿದ. ಎರಡು ಗುಮಟಗಳ ನಡುವೆ ಏನೂ ಇರಲಿಲ್ಲ. ನೀಲಿಯದೂ ಕಪ್ಪಿನದೂ ಎರಡೂ ಹುಣಸೆಮರದ ಬುಡದಲ್ಲಿ ಗೋಣಿಚೀಲದ ಮೇಲೆ ಅಕ್ಕಪಕ್ಕ ಮಲಗಿದ್ದವು.

ಏಕಾಂತಪ್ಪ ಮರದ ಕಡೆ ನೋಡಿದ, ಇಂಜಿನ್ನಿನ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ ನೋಡಿದ. ಉಷಾ ಮೈಲಿಗಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸುಲಿದ ಕಾಳನ್ನು ಅವನ ಕಡೆ ಚಾಚಿ, ತಗಳ್ರಿ ಎಂದಳು. ಅವನು ತೆಗೆದುಕೊಂಡು ತಿಂದ.

ಆಗ ಎರ್ರಿಸ್ವಾಮಿ ಆ ದಿನದ ತನ್ನ ಮೊದಲ ಪ್ರಶ್ನೆ ಕೇಳಿದ. “ಅಕ್ಕಾ, ನಿಮಗೆ ಕಾರು ಬರತೈತಾ?”

“ಟ್ರ್ಯಾಕ್ಟರ್ ಬರತೈತೆ,” ಎಂದಳು ಉಷಾ.

ಅದು ಪೂರ್ತಿ ಉತ್ತರವಲ್ಲ. ಮತ್ತೋಡಿನಲ್ಲಿ ಅಪ್ಪನ ಟ್ರ್ಯಾಕ್ಟರನ್ನು ಅವಳು ಲಂಗ ದಾವಣಿಯ ಕಾಲದಿಂದ ಓಡಿಸಿದ್ದಳು. ಚಿಕ್ಕಪ್ಪನ ಜೀಪನ್ನೂ ಓಡಿಸಿದ್ದಳು. ಕಾರಿನ ಲೈಸೆನ್ಸು ಎಂದೋ ಮಾಡಿಸಿಟ್ಟುಕೊಂಡಿದ್ದಳು. ಕೆಂಪು ಕಾರು ಬಂದಾಗ ಒಂದು ಸಲ ಕೀ ಕೇಳಿದ್ದಳು. ಕ್ಲಚ್ಚು ಸ್ವಲ್ಪ ಗಟ್ಟಿ ಇದೆ, ಸರಿ ಹೋಗಲಿ ಎಂದಿದ್ದ ಏಕಾಂತಪ್ಪ. ಮತ್ತೊಂದು ಸಲ ಕೇಳಿದಾಗ ಟೈರು ಹೊಸದು, ಪಳಗಲಿ ಎಂದಿದ್ದ. ಆಮೇಲೆ ಅವಳು ಕೇಳಿರಲಿಲ್ಲ. ಈಗ ಅವನು ಕೀಯನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನಿಂತ. ನೆಪ ಹುಡುಕಿದರೆ ಸಿಗುತ್ತಿತ್ತು. ಹುಡುಕಲಿಲ್ಲ. ಕೊಟ್ಟ.

ಉಷಾ ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಏಕಾಂತಪ್ಪ ಪಕ್ಕದಲ್ಲಿ ಕೂತ. ಎರಡನೇ ಗೇರಿನಲ್ಲಿ ಕಾರು ಎದ್ದು ಹೋದ ರೀತಿಗೆ ಅವನ ಬೆನ್ನು ಸೀಟಿಗೆ ಅಂಟಿಕೊಂಡಿತು. ಈ ಕಾರಿನಲ್ಲಿ ಹೀಗೂ ಒಂದು ವಿದ್ಯೆ ಇದೆಯೆಂದು ಅವನಿಗೆ ಅಂದೇ ಗೊತ್ತಾದದ್ದು. ಮೊದಲ ತಿರುವಿಗೆ ಅವನು ಬಾಗಿಲ ಮೇಲಿನ ಹಿಡಿಕೆ ಹಿಡಿದ. ಎರಡನೆಯದಕ್ಕೆ ಶಿವನನ್ನು ನೆನೆದ. ಮೂರನೆಯ ತಿರುವಿನಲ್ಲಿ ಕಣ್ಣು ತೆರೆದು ಹೆಂಡತಿಯ ಕಡೆ ನೋಡಿದ.

ಅವಳು ಬಾಯನ್ನು ತುಸು ತೆರೆದಿದ್ದಳು. ಹುಬ್ಬು ಗಂಟಿಕ್ಕಿರಲಿಲ್ಲ. ಕಣ್ಣು ರಸ್ತೆ ಮುಗಿಯುವ ಕಡೆಗೆ ನೆಟ್ಟಿತ್ತು, ಕೈ ತಾನಾಗಿಯೇ ತಿರುಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮುಖವನ್ನು ಅವನು ನೋಡಿರಲಿಲ್ಲ. ಮುಖ ನೋಡುವುದೇ ಕಸುಬಾದವನು ತನ್ನ ಮನೆಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕೂಡಲೇ ಇನ್ನೊಂದು ತಿರುವು ಬಂದದ್ದರಿಂದ ನಾಚಿಕೆಯನ್ನು ಮುಂದುವರಿಸಲು ಆಗಲಿಲ್ಲ.

ಎರ್ರಿಸ್ವಾಮಿ ಮತ್ತೆ ಎರಡು ಸಲ ಬಾನೆಟ್ ತೆಗೆದು ಮುಚ್ಚಿದ, ಮರದ ಬುಡದಲ್ಲಿ ಉಳಿದ ಬಾರಿನ ಮೇಲೆ ಗೋಣಿಚೀಲ ಎಳೆದ. ಪ್ರತಿ ಸಲವೂ ಉಷಾ ಬೆನ್ನು ತಿರುಗಿಸಿ ನಿಂತಳು, ಪ್ರತಿ ಸಲವೂ ಅದೇ ತಿರುವುಗಳನ್ನು ಸುತ್ತಿ ಬಂದಳು. ಇಲ್ಲಿ ಏಕಾಂತಪ್ಪನ ವಿದ್ಯೆ ಕೆಲಸಕ್ಕೆ ಬಂತು. ಅಂಗಡಿಯಲ್ಲಿ ಕೇಳುವ ಹಾಗೆ ಮೆತ್ತಗೆ, ಉತ್ತರ ಬಾಯಿಗೆ ತುರುಕದೆ ಕೇಳಿದ: ಮೊದಲಿನದಕ್ಕೂ ಇದಕ್ಕೂ ಏನನ್ನಿಸಿತು, ಕೈಗೆ ಏನು ಬಂತು, ಎಲ್ಲಿ ಬಂತು? ಅವಳೂ ಯೋಚಿಸಿಯೇ ಹೇಳಿದಳು. ಎರಡನೆಯ ಸುತ್ತಿಗೂ ಮೊದಲನೆಯದಕ್ಕೂ ತನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಎಂದಳು. ಮೂರನೆಯದಕ್ಕೆ ಮಾತ್ರ ತಲೆಯಾಡಿಸಿದಳು.

“ಇದು ಬ್ಯಾರೆ ಐತೆ. ತಿರುಗು ಅಂದ ತಕ್ಷಣ ತಿರುಗತೈತೆ, ಕಾಯಲ್ಲ. ಆದ್ರೆ ಗುಂಡಿ ಬಂದ್ರೆ ಕೈಗೆ ಸ್ವಲ್ಪ ಜಾಸ್ತಿ ಬಡಿತೈತೆ. ಭಾರಿ ಏನಲ್ಲ, ಉಪ್ಪು ಒಂದು ಚಿಟಿಕೆ ಹೆಚ್ಚು ಕಡಿಮೆ ಆದಷ್ಟು.”

ಮೂರನೆಯದು ಕಪ್ಪು ಬಾರಾಗಿತ್ತು. ಮೊದಲನೆಯದರಲ್ಲಿ ಏನೂ ಇರಲಿಲ್ಲ, ಎರಡನೆಯದು ನೀಲಿ. ಎರ್ರಿಸ್ವಾಮಿ ಎಲೆಗೆ ಸುಣ್ಣ ಹಚ್ಚುತ್ತ ಒಂದೇ ಒಂದು ಸಲ ತಲೆದೂಗಿದ. ತನಗೇಕೆ ಇದು ಗೊತ್ತಾಗಲಿಲ್ಲ ಎಂದು ಏಕಾಂತಪ್ಪ ಅವನನ್ನೇ ಕೇಳಿದ. ಅವನು ಮರ್ಯಾದೆಯಿಂದ ಎಲೆ ಮಡಚಿ ಬಾಯಿಗಿಟ್ಟುಕೊಂಡ. ಉತ್ತರ ಕೊಟ್ಟವಳು ಉಷಾ.

“ನೀವು ಹೋಗೋ ಸ್ಪೀಡಿಗೆ ಗುಮಟಕ್ಕೆ ನಿದ್ದೆ ಬರತೈತೆ ಕಣ್ರಿ. ಅದು ಎಲ್ಲಿ ಅಲ್ಲಾಡಬೇಕು?”

ಈಗ ಅವಳು ನಕ್ಕಳು. ಎರ್ರಿಸ್ವಾಮಿ ನಗಬಾರದೆಂದು ಮರದ ಆಚೆಗೆ ಹೋದ. ಏಕಾಂತಪ್ಪನಿಗೂ ನಗು ಬಂತು. ಮೊದಲು ಸ್ವಲ್ಪ ಬಿಗಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು.

ಹೊರಡುವ ಹೊತ್ತಿಗೆ ಅವನು ಹೆಂಡತಿಯನ್ನು ಕೇಳಿದ, “ಯಾವುದು ಇರಲಿ?”

“ಕರೀದು.”

“ಆತು,” ಎಂದ ಏಕಾಂತಪ್ಪ. ಅಷ್ಟೇ. ತಿಳಿಸುತ್ತೇನೆ ಎನ್ನಲಿಲ್ಲ. ಉಷಾ ಒಂದು ಕ್ಷಣ ಕಾದಳು, ಇನ್ನೇನಾದರೂ ಬರಬಹುದೇನೋ ಎಂದು. ಬರಲಿಲ್ಲ. ಎರ್ರಿಸ್ವಾಮಿ ನಟ್ಟುಗಳನ್ನು ಬಿಗಿದು ಮುಗಿಸಿದ. ಅವನನ್ನು ಹಿರಿಯೂರಿಗೆ ಬಿಟ್ಟು ಬಂದು, ಮಾರಿಕಣಿವೆಯ ನೀರು ನೋಡಿ, ಹೊಸದುರ್ಗದ ಮೇಲೆ ಮನೆಗೆ ಹೊರಟರು. ಕಾರನ್ನು ಉಷಾಳೇ ಓಡಿಸಿದಳು. ಹೊಸದುರ್ಗ ದಾಟಿದ ಮೇಲೆ ಹಿಂದಿನಿಂದ ಹಾರನ್ ಹೊಡೆದುಕೊಂಡು ಬರುವವರು ಯಾರೂ ಇಲ್ಲದ್ದು ಏಕಾಂತಪ್ಪನಿಗೆ ಹೊಸ ಅನುಭವ. ಅದು ಅವನಿಗೆ ಹಿತವಾಗಿಯೇ ಇತ್ತು.

ನೀಲಿ ಬಾರು ಪ್ರದೀಪನ ಅಂಗಡಿಗೆ ಮರಳಿತು. ಅವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಉದ್ದವಾದೀತು ಎಂಬ ಭಯ. ಈಗ ದೂರದ ಹಳ್ಳಿಗಳಿಗೆ ಹೋಗುವ ದಿನ ಉಷಾ ಕಾರು ತೆಗೆದುಕೊಂಡು ಹೋಗುತ್ತಾಳೆ, ಏಕಾಂತಪ್ಪ ಅವಳ ಸ್ಕೂಟರಿನಲ್ಲಿ ಅಂಗಡಿಗೆ ಹೋಗುತ್ತಾನೆ. ಸ್ಕೂಟರಿನ ಸೀಟಿಗೆ ಎಂಥ ಕವರು ಹಾಕಿಸಬೇಕೆಂದು ಅವನು ವಿಚಾರಿಸುತ್ತಿರುವ ಸುದ್ದಿ ಇದೆ.

ಮೊನ್ನೆ ಇಬ್ಬರೂ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಚಿಕ್ಕಜಾಜೂರಿನ ಕಡೆ ಹೋಗುವಾಗ ರೈಲ್ವೆ ಗೇಟು ಬಿದ್ದಿತ್ತು. ಹಿಂದೆ ನಿಂತಿದ್ದ ಲಾರಿಯ ಡ್ರೈವರು ಇಳಿದು ಬಂದು, ಕೆಂಪು ಕಾರನ್ನು ಸುತ್ತ ನೋಡಿ, ಏನು ಸಾರ್, ಇದಕ್ಕೆ ಏನಾದರೂ ಮಾಡಿಸಿದ್ದೀರಾ, ತಿರುವಿನಲ್ಲಿ ಒಳ್ಳೆ ಕಚ್ಚಿಕೊಂಡು ಹೋಗುತ್ತಿತ್ತು ಎಂದು ಕೇಳಿದ. ಏಕಾಂತಪ್ಪನಿಗೆ ಅಷ್ಟು ಸಾಕಾಯಿತು. ಇಳಿದು ಬಾನೆಟ್ ಎತ್ತಿದ. ಗುಮಟ ಎಂದರೇನು, ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಏನು ಭೇದ, ಬೋಲ್ಟು ಇದ್ದರೆ ಏನು ತೊಂದರೆ ಎಂದು ಕ್ರಮವಾಗಿ ಶುರುಮಾಡಿದ. ರೈಲು ಬಂದು ಹೋಯಿತು. ಗೇಟು ಎದ್ದಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರನ್ ಒತ್ತಿದವು. ಲಾರಿ ಡ್ರೈವರು ಸಿಕ್ಕಿಬಿದ್ದವನಂತೆ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ.

ಸ್ಟಿಯರಿಂಗ್ ಹಿಡಿದು ಕೂತಿದ್ದ ಉಷಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ರೀ, ಬಾನೆಟ್ ಹಾಕಿ ಬರ್ರಿ, ಹೋಗಾಣ. ಪಾಪ, ಆ ಅಣ್ಣಂಗೆ ಲೋಡ್ ಇಳಿಸೋದೈತೆ.”

ಏಕಾಂತಪ್ಪ ಬಾನೆಟ್ ಮುಚ್ಚಿ, ಬಂದು ಕೂತು, ಬೆಲ್ಟ್ ಹಾಕಿಕೊಂಡ. ಹಿಡಿಕೆ ಹಿಡಿಯುವ ಮೊದಲೇ ಕಾರು ಹಳಿ ದಾಟಿಯಾಗಿತ್ತು.